ಪುಸ್ತಕದ ಹತ್ತು, ನಮ್ಮ ಮೂರು

“ಮೂರಂತ ಯಾಕ ಬರದಿ? ಪುಸ್ತಕದಾಗ ಹತ್ತೂ ಕಾಳು ಮೊಳತಾವಲ್ಲ?” ಎಂದರು ಸುಧಾರಾಣಿ ಟೀಚರ್.

“ನನ್ನ ಬಟ್ಟಲದಾಗ ಬರೇ ಮೂರು ಮೊಳತಾವ್ರಿ ಟೀಚರ್,” ಎಂದಳು ಐದನೆಯ ಕ್ಲಾಸಿನ ಸುವರ್ಣಾ.

“ಹಂಗಾರ ನಿಂದು ತಪ್ಪು. ಅಳಿಸಿ ಹತ್ತು ಬರಿ. ನಾಳೆ ನೋಟ್‌ಬುಕ್ ನೋಡಾಕ ಸಾಹೇಬ್ರು ಬರ್ತಾರ.”

ಟೀಚರ ಹಿಂದಿನ ಗೋಡೆಗೆ ಹೊಸ ಬ್ಯಾನರ್ ಕಟ್ಟಿದ್ದರು: ‘ತಪ್ಪಿನಿಂದ ಕಲಿಯುವುದೇ ವಿಜ್ಞಾನ’. ಕಟ್ಟುವ ಗಡಿಬಿಡಿಯಲ್ಲಿ, ಪಾಪ, ಅದನ್ನು ಓದಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ.

ಸುವರ್ಣಾ ರಬ್ಬರಿನಿಂದ ಮೂರನ್ನು ಉಜ್ಜಿ ಹತ್ತು ಬರೆದಳು. ಟೀಚರ್ ಕೆಂಪು ಇಂಕಿನಲ್ಲಿ ಸ್ಟಾರ್ ಹಾಕಿದರು.

ಆ ಹೆಸರುಕಾಳನ್ನು ಅವಳು ತಂದದ್ದು ಮನೆಯ ಬಿತ್ತನೆ ಚೀಲದಿಂದ. ಸಂಜೆ ಅಪ್ಪ ಭೀಮಶಿ ಅದೇ ಚೀಲವನ್ನು ಅಂಗಳಕ್ಕೆ ಎಳೆದು ತಂದ. ಮಳೆ ಬಿದ್ದು ಹೊಲ ಹದವಾಗಿತ್ತು. ಬೆಳಗಾದರೆ ಬಿತ್ತನೆ.

ಸುವರ್ಣಾ ಚೀಲಕ್ಕೆ ಅಡ್ಡ ನಿಂತಳು. ಸ್ಟಾರನ್ನು ಹೊಲದಲ್ಲಿ ಬಿತ್ತಲು ಬರುವುದಿಲ್ಲ.

“ಅಪ್ಪಾ, ಈ ಕಾಳು ಹತ್ತರಾಗ ಬರೇ ಮೂರು ಮೊಳತಾವ.”

ಅಪ್ಪ ನೋಟ್‌ಬುಕ್ ತೆರೆದು ನೋಡಿದ. “ಇಲ್ಲಿ ಹತ್ತು ಅಂತ ಐತಿ. ಮ್ಯಾಲ ಸ್ಟಾರ್ ಬ್ಯಾರೆ ಐತಿ.”

“ಅದು ಪುಸ್ತಕದ ಹತ್ತು. ನಮ್ಮವು ಮೂರು.”

ಅಪ್ಪ ನಕ್ಕ. ಅಜ್ಜಿ ಸಾವಂತ್ರೆವ್ವ ನಗಲಿಲ್ಲ. ಬೀಜ ಕಾಪಿಟ್ಟವಳು ಅವಳೇ. ಅವಳ ಬೀಜ ಕೆಟ್ಟಿದೆ ಎಂದು ಊರಲ್ಲಿ ಯಾರೂ ಇದುವರೆಗೆ ಅಂದಿರಲಿಲ್ಲ.

“ಹತ್ತು ಕಾಳು ಏನ್ ಹೇಳ್ತಾವ? ನೂರು ಎಣಸು,” ಎಂದಳು. ನೂರು ಕಾಳನ್ನು ಹಸಿ ಗೋಣಿಯಲ್ಲಿ ಸುತ್ತಿಟ್ಟಳು. “ಮೂರು ದಿನ ತಡೀ ಭೀಮಶಿ.”

“ಹದ ಹೋದ್ರ ಏನ್ ಮಾಡ್ಲಿ?” ಎಂದು ಅಪ್ಪ ಗೊಣಗಿದ. ಮೂರು ದಿನವೂ ಒಮ್ಮೆ ಮುಗಿಲು, ಒಮ್ಮೆ ಮಗಳ ಮುಖ ನೋಡಿದ. ಅವಳಿಗೆ ಊಟ ಸೇರಲಿಲ್ಲ. ಅತ್ತ ಸಾಹೇಬರು ಶಾಲೆಗೆ ಬಂದು, ಹತ್ತು ನೋಡಿ, ಚಹಾ ಕುಡಿದು ಹೋದರು.

ನಾಲ್ಕನೆಯ ದಿನ ಗೋಣಿ ಬಿಚ್ಚಿದರೆ ಮೊಳೆತದ್ದು ಇಪ್ಪತ್ತೇಳು.

ಅಜ್ಜಿ ಚೀಲದ ಕಾಳೊಂದನ್ನು ಕಚ್ಚಿ ನೋಡಿದಳು. “ಮೆತ್ತಗ ಐತಿ. ನಾನೇ ತಪ್ಪಿದ್ನೆವ್ವಾ. ಸರೀ ಒಣಗಿಸ್ಲಾರದ ಚೀಲ ಕಟ್ಟೀನಿ. ಬರೂ ವರ್ಷ ಇನ್ನೂ ಎರಡು ಬಿಸಲು ಹಾಕೂಣು.”

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬ್ಯಾನರನ್ನಂತೂ ಕಂಡೇ ಇರಲಿಲ್ಲ.

ಅಪ್ಪ ಬೇರೆ ಬೀಜ ತರಲು ಅಣ್ಣಿಗೇರಿ ಬಸ್ಸು ಹತ್ತಿದ. ಸುವರ್ಣಾ ನೋಟ್‌ಬುಕ್ ತೆರೆದು, ಹತ್ತರ ಮೇಲೆ ಗೆರೆ ಎಳೆದು ಮೂರು ಬರೆದಳು. ಕೆಳಗೆ, ‘ನೂರರಲ್ಲಿ ಇಪ್ಪತ್ತೇಳು. ಕಾಳು ಒಣಗಿರಲಿಲ್ಲ’ ಎಂದು ಸೇರಿಸಿದಳು.

ನಡುವೆ ಸ್ಟಾರ್ ಅಡ್ಡ ಬಂತು. ಅದರ ಮೇಲೆಯೇ ಬರೆದಳು. ಈ ಸಲ ಪೆನ್ನಿನಲ್ಲಿ.