ಕೆಮ್ಮಿನ ಔಷಧಿ ತಂದ ಪ್ರೇಮಿ

"ಇದೇನಿದು?" ಎಂದಳು ದರ್ಜಿ, ಬಾಟಲಿಯನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟು.

"ಕೆಮ್ಮಿನ ಔಷಧಿ," ಎಂದರು ಮೇಷ್ಟ್ರು.

"ಯಾರಿಗೆ ಕೆಮ್ಮು?"

ಯಾರಿಗೂ ಇರಲಿಲ್ಲ. ನಿನ್ನೆ ಮಧ್ಯಾಹ್ನ ಇದೇ ಕೋಣೆಯಲ್ಲಿ ಇಬ್ಬರೂ ಇದ್ದಾಗ ಕಾಂಡೋಮ್ ಹರಿದಿತ್ತು. ಬೆಳಿಗ್ಗೆ ಅವಳು ಎಮರ್ಜೆನ್ಸಿ ಮಾತ್ರೆ ತರಲು ಹೇಳಿ ಕಳಿಸಿದ್ದಳು. ಈ ಮಹಾಶಯರು ಒಂದು ಮೆಡಿಕಲ್ ಶಾಪಿನಲ್ಲಿ ವಿದ್ಯಾರ್ಥಿಯ ಅಪ್ಪನನ್ನು ಕಂಡು ಓಡಿದರು, ಇನ್ನೊಂದರಲ್ಲಿ ಹೆಡ್‌ಮಾಸ್ಟರರ ಹೆಂಡತಿಯನ್ನು ಕಂಡು ಓಡಿದರು. ಮೂರನೆಯದರಲ್ಲಿ ಬಾಯಿ ತೆರೆದರೆ ಬರೀ ಕೆಮ್ಮು ಬಂತು. ಕೆಮ್ಮಿದ ತಪ್ಪಿಗೆ ಸಿರಪ್ ಕೊಂಡು ಸಂಜೆಗೆ ಹಾಜರು.

ಕಲಿಸುವುದು ಜೀವಶಾಸ್ತ್ರ. ಕಪ್ಪೆಯ ಕರುಳನ್ನು ಬೋರ್ಡಿನ ತುಂಬ ಬಿಡಿಸುವ ಧೀರರು, ಸಂತಾನೋತ್ಪತ್ತಿಯ ಪಾಠ ಬಂದರೆ ಮಾತ್ರ "ಮನೇಲಿ ಓದ್ಕೊಳ್ಳಿ" ಎಂದು ಹಾಳೆ ಮಗುಚುತ್ತಾರೆ.

"ಅಂಗಡೀಲಿ ಜನ ಇದ್ರು, ಬಂಗಾರ."

"ಕುಣಿಯಲಾರದವರಿಗೆ ನೆಲ ಡೊಂಕು."

"ನಿನಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ!"

"ಪ್ರಾಣ ಯಾರು ಕೇಳಿದ್ರು? ಮಾತ್ರೆ ಕೇಳಿದ್ದೆ."

ಮೇಷ್ಟ್ರು ರೆಪ್ಪೆ ತಗ್ಗಿಸಿದರು. ಆ ಉದ್ದ ರೆಪ್ಪೆಗಳಿಗೇ ಅವಳು ಸೋತದ್ದು. ಅಂಗಿಗೆ ಎದೆ ಅಳೆಯುವಾಗ ಉಸಿರು ಬಿಗಿಹಿಡಿದು, ಟೇಪಿನ ತುದಿಯನ್ನೇ ನೋಡುತ್ತ ಕೆಂಪಾಗಿದ್ದ ಮನುಷ್ಯ. ಎಂಥ ನಾಚಿಕೆ ಎಂದು ಕರಗಿದ್ದಳು. ಅದು ಶುದ್ಧ ಪುಕ್ಕಲುತನ ಎಂದು ಈಗ ತಿಳಿಯಿತು.

"ಮುಂದಿನ ತಿಂಗಳು ನೋಡೋಣ. ಮುಟ್ಟು ತಪ್ಪಿದ್ರೆ ಆಗ ತಗೊಂಡ್ರಾಯ್ತು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು.

"ಆಗ ತಗೊಂಡ್ರೆ ಏನೂ ಪ್ರಯೋಜನ ಇಲ್ಲ. ಇದು ಬಸಿರು ಇಳಿಸೋ ಮಾತ್ರೆ ಅಲ್ಲ, ನಿಲ್ಲೋದಕ್ಕೆ ಮುಂಚೆ ತಡೆಯೋದು. ಎಪ್ಪತ್ತೆರಡು ಗಂಟೆಯೊಳಗೆ, ಅದೂ ಎಷ್ಟು ಬೇಗವೋ ಅಷ್ಟು ಒಳ್ಳೇದು. ನಿಮ್ಮ ಮರ್ಯಾದೆ ಕಾಯೋಕೆ ಒಂದು ದಿನ ಹೋಯ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳಿಗೆ ಗೊತ್ತಿದೆ, ಮೇಷ್ಟ್ರೇ!"

ಚಪ್ಪಲಿ ಮೆಟ್ಟಿ ಹೊರಟಳು, ಬಾಟಲಿಯನ್ನೂ ಹಿಡಿದು. ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡು ಹತ್ತು ಹೆಜ್ಜೆ ಹಿಂದೆ ಬಂದು, ಅದನ್ನು ತೆಗೆಯದೆ ರಸ್ತೆಯ ಮೂಲೆಯಲ್ಲಿ ನಿಂತರು.

ಮೆಡಿಕಲ್ ಶಾಪಿನಲ್ಲಿ ನಾಲ್ಕು ಜನರಿದ್ದರು. ಅವಳ ಎದೆಯೂ ಹೊಡೆದುಕೊಳ್ಳುತ್ತಿತ್ತು. ಆದರೂ ಎಲ್ಲರಿಗೂ ಕೇಳಿಸುವಂತೆ ಮಾತ್ರೆ ಕೇಳಿದಳು.

"ಎಷ್ಟು ಗಂಟೆ ಆಯ್ತಮ್ಮ?" ಎಂದಳು ಕೌಂಟರಿನ ಹೆಂಗಸು.

"ಇಪ್ಪತ್ತೊಂಬತ್ತು."

"ಈಗಲೇ ತಗೊಳ್ಳಿ. ಬೇಗ ವಾಂತಿ ಆಗ್ಬಿಟ್ರೆ ವಾಪಸ್ ಬನ್ನಿ."

ಆಕಾಶ ಕಳಚಿ ಬೀಳಲಿಲ್ಲ. ಪಕ್ಕದ ಅಜ್ಜ ತನ್ನ ಸಕ್ಕರೆ ಕಾಯಿಲೆಯ ಚೀಟಿ ಹುಡುಕುತ್ತಲೇ ಇದ್ದ. ಅವಳು ಅಲ್ಲೇ ನೀರು ಕುಡಿದು ಮಾತ್ರೆ ನುಂಗಿದಳು.

ಹೊರಗೆ ಮೇಷ್ಟ್ರು ಹತ್ತಿರ ಬಂದು ಪಿಸುಗುಟ್ಟಿದರು. "ಯಾರಾದ್ರೂ ನೋಡಿದ್ರಾ?"

ಹೇಗಿದ್ದೀಯ ಎಂದು ಕೇಳಿದ್ದರೂ ಸಾಕಿತ್ತು, ಅವಳು ಎಲ್ಲ ಮರೆಯುತ್ತಿದ್ದಳು. ಕಣ್ಣು ತುಂಬಿತು. ಅವರ ಅಂಗೈ ತೆರೆದು, ಬಾಟಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮೆತ್ತಗೆ ಮಡಿಸಿದಳು.

"ಮನೇಲಿ ಓದ್ಕೊಳ್ಳಿ ಅಂತೀರಲ್ಲ, ಆ ಪಾಠನ ಮಕ್ಕಳ ಮುಂದೆ ಬಾಯಿಬಿಟ್ಟು ಮಾಡಿದ ದಿನ ಬನ್ನಿ. ಅಲ್ಲೀವರೆಗೂ ದಿನಕ್ಕೆ ಮೂರು ಚಮಚ ಕುಡೀರಿ, ಗಂಟಲು ತೆರೀಲಿ."

ಅವಳು ತಿರುಗಿ ನೋಡದೆ ನಡೆದಳು. ಹೆಲ್ಮೆಟ್ಟಿನೊಳಗಿಂದ ಮೇಷ್ಟ್ರು ಒಮ್ಮೆ ಕೆಮ್ಮಿದರು.