ನೂರಕ್ಕೆ ಎರಡು

ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯುವ ಮೊದಲೇ ಅವಳ ಬಾಯಿ ತೆರೆದಿತ್ತು.

“ಮೇಷ್ಟ್ರೇ, ನಿಮ್ಮ ಪೆಟ್ಟಿಗೆ ಸುಳ್ಳು ಹೇಳ್ತಿದೆ!”

ಕಿತ್ತಳೆ ಸುಲಿಯುತ್ತಿದ್ದವನ ಕೈ ನಿಂತಿತು. ಆ ಗೇಮ್ ಕಂಪನಿಯಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವನು ಪಾಠ ಹೇಳಿದವನೇನಲ್ಲ. ಆನ್‌ಲೈನ್ ಆಟದೊಳಗೆ ಕೊಂಡು ತೆರೆಯುವ ಬಹುಮಾನದ ಪೆಟ್ಟಿಗೆಗಳಲ್ಲಿ ಯಾವ ವಸ್ತು ಎಷ್ಟು ಸಲಕ್ಕೊಮ್ಮೆ ಬರಬೇಕು ಎಂದು ಲೆಕ್ಕ ಹಾಕುವುದು ಅವನ ಕೆಲಸ. ಅವಳದು ಒಂದನೇ ಮಹಡಿಯ ಸಪೋರ್ಟ್ ವಿಭಾಗ. ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಆಟಗಾರರ ಬೈಗುಳ ಕೇಳಬೇಕು. ಮೂಗಿನ ತುದಿಯಲ್ಲೇ ಕೋಪ ಇದ್ದುದರಿಂದ ಅವಳಿಗೆ ಸಿಡಿಮಿಡಿ ಎಂಬ ಹೆಸರು ಬಿದ್ದಿತ್ತು.

ಮೂರನೇ ಮಹಡಿಯಲ್ಲೂ ಕುಡಿಯುವ ನೀರಿತ್ತು. ಆದರೂ ಎಂಟು ತಿಂಗಳಿಂದ ಮೇಷ್ಟ್ರು ನೀರಿಗೆಂದು ಒಂದನೇ ಮಹಡಿಗೇ ಇಳಿದು ಬರುತ್ತಿದ್ದ. ಅವಳ ಮೇಜಿನ ಪಕ್ಕ ನಿಂತು ಒಂದು ಲೋಟ ನೀರನ್ನು ಹತ್ತು ನಿಮಿಷ ಕುಡಿಯುತ್ತಿದ್ದ. ಅವಳು ಫೋನಿನಲ್ಲಿ ಮಾತಾಡುತ್ತಲೇ ಓರೆಗಣ್ಣಿನಲ್ಲಿ ನೋಡಿ, ‘ಎಷ್ಟು ಬಾಯಾರಿಕೆ!’ ಎಂದು ಸದ್ದಿಲ್ಲದೆ ತುಟಿ ಅಲುಗಿಸುತ್ತಿದ್ದಳು. ಅವನಿಗೆ ನೀರು ನೆತ್ತಿಗೇರುತ್ತಿತ್ತು.

ಇವತ್ತು ಆ ಕಣ್ಣು ನೇರವಾಗಿತ್ತು, ಕೆಂಡದ ಹಾಗಿತ್ತು.

“ಒಬ್ರು ಟೈಲರಮ್ಮ ಫೋನ್ ಮಾಡಿದ್ರು. ಅವರ ತಮ್ಮನಿಗೆ ಹಡಗಿನಲ್ಲಿ ಕೆಲಸ. ಪ್ರತಿ ಭಾನುವಾರ ಅಕ್ಕ ತಮ್ಮ ಒಂದೇ ತಂಡದಲ್ಲಿ ಆಡ್ತಾರೆ. ಅವರು ಮಾತಾಡೋದೇ ಅಲ್ಲಿ. ಆಟದ ಮುಂದಿನ ಹಂತಕ್ಕೆ ಹೋಗೋಕೆ ಪೆಟ್ಟಿಗೆಯಲ್ಲಿ ಬರೋ ರೆಕ್ಕೆ ಬೇಕು. ತಮ್ಮನಿಗೆ ಸಿಕ್ಕಿದೆ, ಇವರಿಗಿಲ್ಲ. ಮುನ್ನೂರು ಪೆಟ್ಟಿಗೆ ತೆರೆದಿದಾರೆ ಮೇಷ್ಟ್ರೇ, ಮುನ್ನೂರು! ನೂರಕ್ಕೆ ಎರಡು ಸಲ ರೆಕ್ಕೆ ಬರುತ್ತೆ ಅಂತ ಅದರ ಮೇಲೆ ನಾವೇ ಬರೆದಿದೀವಿ.”

“ಲಕ್ಷಾಂತರ ಜನ ಆಡ್ತಾರೆ. ಕೆಲವರಿಗೆ ಹಾಗಾಗುತ್ತೆ. ಅದೃಷ್ಟ…”

“ಆ ಮಾತು ನಾನು ದಿನಾ ಹೇಳ್ತೀನಿ, ನನಗೇ ತಿರುಗಿಸಿ ಹೇಳ್ಬೇಡಿ. ಈ ತಿಂಗಳು ಇಂಥ ನಲವತ್ತು ಫೋನ್ ಬಂದಿದೆ. ಎಲ್ಲರೂ ಹಳಬರು. ಯಾರು ಹಳಬರು ಅಂತ ಅದೃಷ್ಟಕ್ಕೆ ಹೇಗೆ ಗೊತ್ತಾಗುತ್ತೆ?”

“ಹೊಸಬರು ಅಷ್ಟೊಂದು ಪೆಟ್ಟಿಗೆ ತೆರೆದೇ ಇರಲ್ಲ…”

ಉತ್ತರ ಸರಿಯಾಗೇ ಇತ್ತು. ಆದರೆ ಅದನ್ನು ಅವನು ಕಿತ್ತಳೆಗೆ ಹೇಳುತ್ತಿದ್ದ. ಹತ್ತು ನಿಮಿಷ ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುವ ಕಣ್ಣು ಈಗ ಮೇಲೇಳಲಿಲ್ಲ. ಅದನ್ನು ಗಮನಿಸಿದ ಅವಳು, ತಾನೇ ಎಣಿಸಿ ನೋಡುವುದೆಂದು ಕೆಳಗಿಳಿದಳು.

ಮೂರು ದಿನ ಊಟದ ಬಿಡುವಿನಲ್ಲಿ ಸಪೋರ್ಟ್ ವಿಭಾಗದ ಹನ್ನೆರಡು ಮಂದಿ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಫೋನ್ ಹಿಡಿದು ಕೂತರು. ಸಿಬ್ಬಂದಿಗೆ ಬಿಟ್ಟಿ ಸಿಗುವ ಪೆಟ್ಟಿಗೆಗಳು ಹೇಗೂ ಇದ್ದವು. ಆರು ಮಂದಿ ತಮ್ಮ ವರ್ಷಗಟ್ಟಲೆ ಹಳೆಯ ಅಕೌಂಟಿನಲ್ಲಿ, ಆರು ಮಂದಿ ಅವತ್ತೇ ತೆರೆದ ಹೊಸ ಅಕೌಂಟಿನಲ್ಲಿ, ತಲಾ ನೂರು ಪೆಟ್ಟಿಗೆ ತೆರೆದರು. ಅವಳು ಗೋಡೆಯ ಬಿಳಿ ಹಲಗೆಯ ಮೇಲೆ ಗೀಟು ಹಾಕುತ್ತ ಹೋದಳು. ಹೊಸಬರಿಗೆ ಹದಿಮೂರು ರೆಕ್ಕೆ ಬಂದವು. ಹಳಬರಿಗೆ ಎರಡು.

ಅವಳು ಹಲಗೆಯ ಫೋಟೋ ಹಿಡಿದು ಮೆಟ್ಟಿಲು ಹತ್ತಿದಳು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ.

ಮೇಷ್ಟ್ರು ಫೋಟೋದಲ್ಲಿದ್ದ ಗೀಟುಗಳನ್ನು ಒಂದೊಂದಾಗಿ ಎಣಿಸಿದ.

“ಮುಂಚೆ ಒಂದು ನಿಯಮ ಇತ್ತು,” ಎಂದ ಕೊನೆಗೆ. “ನಲವತ್ತೊಂಬತ್ತು ಪೆಟ್ಟಿಗೆ ಖಾಲಿ ಹೋದ್ರೆ ಐವತ್ತನೇದರಲ್ಲಿ ರೆಕ್ಕೆ ಬರಲೇಬೇಕು. ಯಾರೂ ತೀರಾ ಸೋಲಬಾರದು ಅಂತ ನಾನೇ ಬರೆದಿದ್ದೆ. ವರ್ಷದ ಹಿಂದೆ ಅದನ್ನ ತೆಗಿ ಅಂದ್ರು, ತೆಗೆದೆ. ಆಮೇಲೆ, ಬಿಡದೆ ತೆರೆಯೋರಿಗೆ ಕಮ್ಮಿ ಬರೋ ಹಾಗೆ ಮಾಡು ಅಂದ್ರು. ಅವರು ಹೇಗಿದ್ರೂ ಬಿಟ್ಟು ಹೋಗಲ್ಲ, ಇನ್ನಷ್ಟು ಕೊಳ್ತಾರೆ ಅಂತ.”

“ಮಾಡಿದ್ರಾ?”

“ಮಾಡಿದೆ.”

ಅವನು ಯಾರ ಮೇಲಾದರೂ ಗೂಬೆ ಕೂರಿಸಿದ್ದರೆ ಅವಳು ನಂಬಲು ಸಿದ್ಧಳಿದ್ದಳು. ಮೆಟ್ಟಿಲು ಹತ್ತುವಾಗ ಅವನ ಪರವಾಗಿ ನಾಲ್ಕು ನೆಪಗಳನ್ನು ತಾನೇ ಹೊಸೆದುಕೊಂಡು ಬಂದಿದ್ದಳು.

“ನೀನು ನನ್ನ ಪಕ್ಕ ನಿಂತು ನೀರು ಕುಡೀತಿದ್ದೆ,” ಎಂದಳು. “ನಾನು ಫೋನಲ್ಲಿ ‘ಅದೃಷ್ಟ ಮೇಡಂ, ಮುಂದಿನ ಸಲ ಬರಬಹುದು ಮೇಡಂ’ ಅಂತ ಜನರ ಮೂಗಿಗೆ ತುಪ್ಪ ಸವರ್ತಿದ್ದೆ. ಅದು ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನಿನ್ನ ಸುಳ್ಳನ್ನ ನನ್ನ ಬಾಯಲ್ಲಿ ಹೇಳಿಸ್ತಾ, ನನ್ನನ್ನೇ ನೋಡ್ಕೊಂಡು ನಗ್ತಿದ್ದೆಯಲ್ಲ!”

ಅವಳು ಅವನನ್ನು ‘ನೀನು’ ಎಂದದ್ದು ಅದೇ ಮೊದಲು. ಎಂಟು ತಿಂಗಳು ಆ ಒಂದು ಪದಕ್ಕಾಗಿ ಕಾದಿದ್ದವನಿಗೆ ಅದು ಕಪಾಳಕ್ಕೆ ಬಿದ್ದ ಏಟಿನಂತೆ ಬಂತು.

“ಹೇಳ್ಬೇಕು ಅಂತಲೇ ದಿನಾ ಕೆಳಗಿಳಿದು ಬರ್ತಿದ್ದೆ,” ಎಂದ. “ನಿನ್ನ ಮುಖ ನೋಡಿದ ಮೇಲೆ ಹೇಳೋಕೆ ಆಗ್ತಿರಲಿಲ್ಲ.”

“ನನ್ನ ಮುಖದ ಮೇಲೆ ತಪ್ಪು ಹೊರಿಸ್ಬೇಡ.”

ಮನೆಗೆ ಬಂದವಳು ಮಡಚಬೇಕಾದ ಬಟ್ಟೆಗಳನ್ನೆಲ್ಲ ಹಿಂಡಿ ಹಿಪ್ಪೆ ಮಾಡುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

“ಆ ಟವೆಲ್ ಏನು ಮಾಡಿತ್ತೇ ನಿನಗೆ? ಕೋಪ ಕಂಪನಿ ಮೇಲೋ, ಹುಡುಗನ ಮೇಲೋ?”

“ಕಂಪನಿ ಕಳ್ಳ ಅಂತ ಯಾವತ್ತೋ ಅನ್ನಿಸಿತ್ತು ಕಣೇ ಅಕ್ಕಾ.” ಅವಳು ಟವೆಲಿನಲ್ಲೇ ಮುಖ ಮುಚ್ಚಿಕೊಂಡಳು. “ಇವನೂ ಅಂತ ಅಂದ್ಕೊಂಡಿರಲಿಲ್ಲ.”

ಸೋಮವಾರ ಬೆಳಿಗ್ಗೆ ಇಡೀ ಕಂಪನಿಯ ಮೀಟಿಂಗು. ಮುಖ್ಯಸ್ಥೆ ಹೊಸ ಪೆಟ್ಟಿಗೆಗಳ ಯಶಸ್ಸನ್ನು ಹೊಗಳಿ ಮುಗಿಸುತ್ತಿದ್ದಂತೆ ಅವಳು ಎದ್ದು ನಿಂತಳು. ಹದಿಮೂರು, ಎರಡು, ಟೈಲರಮ್ಮ, ನಲವತ್ತು ಜನ. ಕೈಯಲ್ಲಿದ್ದ ಕಾಗದದಿಂದ ಒಂದೊಂದನ್ನೂ ಗಟ್ಟಿಯಾಗಿ ಓದಿದಳು.

ಮುಖ್ಯಸ್ಥೆ ನಕ್ಕರು. “ನಿಮ್ಮ ಕಾಳಜಿ ಒಳ್ಳೇದೇ. ಆದ್ರೆ ಲೆಕ್ಕ ಸಪೋರ್ಟ್‌ನವರ ಕೆಲಸ ಅಲ್ಲ. ಅದನ್ನ ಗೊತ್ತಿರೋರಿಗೆ ಬಿಡಿ.”

“ಗೊತ್ತಿರೋನು ನಾನು, ಮೇಡಂ.”

ಎಲ್ಲರೂ ತಿರುಗಿದರು. ಹಿಂದಿನ ಸಾಲಿನಲ್ಲಿ ಮೇಷ್ಟ್ರು ಎದ್ದು ನಿಂತಿದ್ದ.

“ಅವರ ಲೆಕ್ಕ ಸರಿಯಾಗಿದೆ. ಹಳಬರಿಗೆ ನೂರಕ್ಕೆ ಎರಡಲ್ಲ, ಮುನ್ನೂರಕ್ಕೆ ಒಂದು. ಮಾಡು ಅಂದೋರು ನೀವು, ಮಾಡಿದೋನು ನಾನು. ಮೂರು ಕೆಲಸ ಆಗ್ಬೇಕು. ಪೆಟ್ಟಿಗೆ ಮೇಲೆ ಬರೆದಷ್ಟೇ ಎಲ್ಲರಿಗೂ ಬರಬೇಕು. ಐವತ್ತನೇದರಲ್ಲಿ ರೆಕ್ಕೆ ಬರೋ ನಿಯಮ ವಾಪಸ್ ಬರಬೇಕು. ಇನ್ನು ಎಷ್ಟು ಪೆಟ್ಟಿಗೆ ಬಾಕಿ ಅನ್ನೋದು ಆಡೋರ ಕಣ್ಣಿಗೆ ಕಾಣಬೇಕು. ಗ್ರಾಹಕರ ದೂರು ಕಚೇರಿಗೆ ಎಲ್ಲ ಬರೆದು, ಸಹಿ ಹಾಕಿ, ಬೆಳಿಗ್ಗೆನೇ ಕಳಿಸಿದೀನಿ.”

ಮುಖ್ಯಸ್ಥೆಯ ನಗು ಇಂಗಿಹೋಯಿತು. ಮಧ್ಯಾಹ್ನದೊಳಗೆ ಅವನ ಕೆಲಸವೂ ಹೋಯಿತು. ಅವನು ಒಂದನೇ ಮಹಡಿ ದಾಟಿ ಹೋಗುವಾಗ ಅವಳು ತಲೆ ಎತ್ತಲಿಲ್ಲ. ಅವನೂ ನಿಲ್ಲಲಿಲ್ಲ. ಒಂದು ದಿನದ ಧೈರ್ಯಕ್ಕೆ ಒಂದು ವರ್ಷದ ಮೌನವನ್ನು ಮನ್ನಾ ಮಾಡಲು ಅವಳಿಗೆ ಮನಸ್ಸಿರಲಿಲ್ಲ.

ಐದು ವಾರದ ಮೇಲೆ ದೂರು ಕಚೇರಿಯ ನೋಟಿಸು ಬಂತು. ಎರಡೇ ದಿನದಲ್ಲಿ ಪೆಟ್ಟಿಗೆಗಳು ಬದಲಾದವು. ಮೂಲೆಯಲ್ಲಿ ಪುಟ್ಟ ಅಂಕಿ: ‘ಇನ್ನು ಹನ್ನೆರಡು’, ‘ಇನ್ನು ಹನ್ನೊಂದು’. ಮೋಸಹೋದ ಹಳಬರಿಗೆಲ್ಲ ರೆಕ್ಕೆ ಸಿಕ್ಕಿತು. ಅವಳು ಟೈಲರಮ್ಮನಿಗೆ ತಾನೇ ಫೋನ್ ಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿದಳು.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಎಲ್ಲಿ ಕೈ ಹಾಕಿದ್ರೂ ನನ್ನ ಹಣೆಬರಹ ಇಷ್ಟೇ ಅಂತ ನನ್ನನ್ನೇ ಬೈಕೊಂಡಿದ್ದೆ ಕಣಮ್ಮ. ಎಷ್ಟು ದಿನ! ನಿಮಗೆಲ್ಲ ನಾಚಿಕೆ ಆಗಲ್ವಾ?”

“ಆಗುತ್ತೆ. ಬೈರಿ ಮೇಡಂ, ಚೆನ್ನಾಗಿ ಬೈರಿ.”

ಟೈಲರಮ್ಮ ಚೆನ್ನಾಗಿಯೇ ಬೈದರು.

ಅವತ್ತು ಸಂಜೆ ಮೇಷ್ಟ್ರು ಬಾಕಿ ಕಾಗದಪತ್ರ ತೆಗೆದುಕೊಳ್ಳಲು ಬಂದಿದ್ದ. ಬಸ್ ಸ್ಟಾಪಿನಲ್ಲಿ ಅವನು ಒಬ್ಬನೇ ನಿಂತಿದ್ದನ್ನು ನೋಡಿ ಅವಳು ರಸ್ತೆ ದಾಟಿದಳು. ಗಡ್ಡ ಬಿಟ್ಟಿದ್ದ. ಕಣ್ಣು ಮಾತ್ರ ಈ ಸಲ ತಪ್ಪಿಸಲಿಲ್ಲ.

“ಬೇರೆ ಕೆಲಸ ಸಿಕ್ತಾ?”

“ಹುಡುಕ್ತಿದೀನಿ. ಹಳೇದು ಯಾಕೆ ಬಿಟ್ರಿ ಅಂತ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಅಲ್ಲಿಗೆ ಇಂಟರ್‌ವ್ಯೂ ಮುಗಿಯುತ್ತೆ.”

ನಗು ಬಂತು. ಅವಳು ನುಂಗಿಕೊಂಡಳು.

“ಕ್ಷಮಿಸು ಅಂತ ಕೇಳಲ್ಲ,” ಎಂದ ಅವನು.

“ಕೇಳ್ಬೇಡ. ನನ್ನ ಕೋಪ ಇನ್ನೂ ಹೋಗಿಲ್ಲ. ಬೇಗ ಹೋಗೋದೂ ಇಲ್ಲ.”

“ಗೊತ್ತು. ಆದ್ರೂ ಒಂದು ಮಾತು ಹೇಳ್ತೀನಿ. ನೀನಂದ್ರೆ ನನಗೆ ಇಷ್ಟ. ಇದನ್ನೂ ಇಷ್ಟು ದಿನ ಮುಚ್ಚಿಟ್ಟಿದ್ದೆ.”

“ಅದನ್ನ ಮುಚ್ಚಿಡೋಕೆ ನಿನ್ನ ಕೈಲಿ ಎಲ್ಲಿ ಆಯ್ತು, ದಡ್ಡ! ಇಡೀ ಆಫೀಸಿಗೆ ಗೊತ್ತಿತ್ತು.” ಅವಳ ಕಣ್ಣು ತುಂಬಿತು, ಅದಕ್ಕೂ ಕೋಪ ಬಂತು. “ನೀನು ಯಾರೋ ಆಗಿದ್ರೆ ನಾನ್ಯಾಕೆ ಇಷ್ಟು ಉರೀತಿದ್ದೆ? ಇಷ್ಟ ಇರೋದಕ್ಕೇ ಇಷ್ಟು ಉರಿ. ಅಷ್ಟೂ ಅರ್ಥ ಆಗಲ್ವಾ ನಿನಗೆ?”

ಬಸ್ಸು ಬಂದು ನಿಂತಿತು. ಅದು ಅವಳ ಮನೆಯ ಕಡೆಯದಲ್ಲ. ಆದರೂ ಅವಳೇ ಮೊದಲು ಹತ್ತಿದಳು.

“ಇನ್ಮೇಲೆ ಒಂದೇ ಒಂದು ವಿಷಯ ನನ್ನ ಹತ್ರ ಮುಚ್ಚಿಟ್ಟು ನೋಡು,” ಎಂದು ಕಿಟಕಿ ಪಕ್ಕ ಕೂತು ಶುರು ಮಾಡಿದವಳು ಮೂರು ಸ್ಟಾಪು ಕಳೆದರೂ ನಿಲ್ಲಿಸಲಿಲ್ಲ. ಮುಂದಿನ ಸೀಟಿನ ಹೆಂಗಸು ಒಮ್ಮೆ ತಿರುಗಿ ನೋಡಿ, ಅಯ್ಯೋ ಪಾಪ ಎಂಬಂತೆ ಅವನಿಗೆ ತಲೆಯಾಡಿಸಿದಳು. ಅವನು ಒಂದು ಮಾತಿಗೂ ಎದುರಾಡದೆ ಎಲ್ಲವನ್ನೂ ಕೇಳಿಸಿಕೊಂಡ. ಅವನ ಕೈ ಅವಳ ಕೈಯೊಳಗಿತ್ತು. ಹಿಡಿದದ್ದು ಅವಳೇ, ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ.