ಬಾಗೇವಾಡಿ ಇಳಿಯೋರು ಮುಂದ ಬರ್ರಿ

ಬಾಗಿಲಲ್ಲಿ ನಿಂತವಳನ್ನು ನೋಡಿ ಮುಕ್ತಾರನಿಗೆ ಸಲಾಂ ಹೇಳುವುದೂ ಮರೆತುಹೋಯಿತು.

ಕೆಲವು ವಾರಗಳಿಂದ ಅವನು ಗೇಮ್ ಆಡುವವರ ಗ್ರೂಪಿನಲ್ಲಿ ‘ಕೆ. ಇಂಡಿ’ ಎಂಬ ಹೆಸರಿನವರ ಜೊತೆ ಮೆಸೇಜಿನಲ್ಲಿ ಮಾತಾಡುತ್ತಿದ್ದ. ಭಾಯಿ ಎಂದೇ ಕರೆಯುತ್ತಿದ್ದ. ಪ್ರಾಕ್ಟಿಕಲ್ ಪರೀಕ್ಷೆಯ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಬರುತ್ತಿದ್ದೇನೆ ಎಂದು ಮೆಸೇಜ್ ಬಂದಾಗ, ಮನಿಗೇ ಬರ್ರಿ ಭಾಯಿ, ಊಟ ಇಲ್ಲೇ ಮಾಡಿದ್ರಾತು ಎಂದು ಬರೆದಿದ್ದ. ಈಗ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು, ಜಾರುತ್ತಿದ್ದ ದುಪಟ್ಟಾವನ್ನು ಒಂದೇ ಕೈಯಲ್ಲಿ ಸರಿಮಾಡಿಕೊಳ್ಳುತ್ತ ಅವಳು ಬಿಸಿಲಲ್ಲಿ ನಿಂತಿದ್ದಳು.

“ಕೆ ಅಂದ್ರ ಕೌಸರ್ರಿ,” ಎಂದಳು. “ನೀವು ಕೇಳಲಿಲ್ಲ, ನಾ ಹೇಳಲಿಲ್ಲ.”

ಅವಳ ತುಟಿಯ ಒಂದು ತುದಿಯಲ್ಲಿ ನಗು ಬಂದು, ಅವನ ಮುಖ ನೋಡಿ ಅಲ್ಲಿಯೇ ನಿಂತಿತು. ಒಳಗಿನಿಂದ ಬಂದ ತಾಯಿ ಸೈದಾಬಿ ಅವಳ ಕೈ ಹಿಡಿದು ಕರೆದುಕೊಂಡು ಹೋಗದಿದ್ದರೆ ಅವನು ಇನ್ನೆಷ್ಟು ಹೊತ್ತು ಹಾಗೇ ನಿಂತಿರುತ್ತಿದ್ದನೋ.

ಕೌಸರ ಇಂಡಿ ಊರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳು ಮನೆಗೆ ಬಂದಿದ್ದು ಮುಕ್ತಾರನ ತೀರಿಹೋದ ಅಣ್ಣ ಅಮೀನುದ್ದೀನನ ಕಂಪ್ಯೂಟರ್ ನೋಡಲು. ಅದರಲ್ಲಿ ಬಸ್ ಓಡಿಸುವ ಒಂದು ಹಳೆಯ ಆಟವಿತ್ತು. ಅಂಗಡಿಯಲ್ಲಿ ಡಬ್ಬಿಯೊಳಗೆ ಡಿಸ್ಕ್ ಇಟ್ಟು ಮಾರುತ್ತಿದ್ದ ಕಾಲದ್ದು. ಅಮೀನುದ್ದೀನ ಅದರೊಳಗಿನ ವಿದೇಶದ ರಸ್ತೆಗಳನ್ನು ತೆಗೆದು, ತಂಗಡಗಿಯಿಂದ ಮುದ್ದೇಬಿಹಾಳದ ಮೇಲೆ ಬಸವನ ಬಾಗೇವಾಡಿಗೆ ಹೋಗುವ ತಮ್ಮೂರಿನ ರಸ್ತೆಯನ್ನೇ ಕೂಡಿಸಿದ್ದ. ಆಡುವವರೇ ಹೀಗೆ ಮಾಡಿ ಸೇರಿಸುವ ಭಾಗಕ್ಕೆ ಮಾಡ್ ಎನ್ನುತ್ತಾರೆ. ಅವನ ಮಾಡ್‌ನಲ್ಲಿ ಕಂಡಕ್ಟರನ ದನಿಯೂ ಅವನದೇ.

ಮದುವೆಯ ವಿಡಿಯೋಗಳಲ್ಲೆಲ್ಲ ಕ್ಯಾಮೆರಾ ಹಿಡಿಯುತ್ತಿದ್ದವನು ಅವನು. ಆದ್ದರಿಂದ ಅವನ ಮಾತು ಬೇರೆಲ್ಲೂ ಉಳಿದಿರಲಿಲ್ಲ. ಶುಕ್ರವಾರದ ಜುಮ್ಮಾ ನಮಾಜು ಮುಗಿದ ಮೇಲೆ ಮುಕ್ತಾರ ಆ ಆಟ ಹಚ್ಚುತ್ತಿದ್ದ. ಸೈದಾಬಿ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದಳು. “ಬಾಗೇವಾಡಿ ಇಳಿಯೋರು ಮುಂದ ಬರ್ರಿ” ಎಂದು ಮಗ ಕೂಗುವವರೆಗೆ ಅವಳು ಏಳುತ್ತಿರಲಿಲ್ಲ.

ಆ ಕಂಪ್ಯೂಟರ್ ಈಗ ಕಾದು ಕಾದು ನಡುವೆಯೇ ಬಂದ್ ಆಗುತ್ತಿತ್ತು. ಹೊಸ ಲ್ಯಾಪ್‌ಟಾಪ್ ತಂದು, ಅದೇ ಆಟವನ್ನು ಆನ್‌ಲೈನಿನಲ್ಲಿ ಕೊಂಡರೆ ಅಣ್ಣನ ಮಾಡ್ ಕೂಡುತ್ತದೆಯೇ ಎಂದು ಮುಕ್ತಾರ ಗ್ರೂಪಿನಲ್ಲಿ ಕೇಳಿದ್ದ. ಅದೇ ಆಟವಲ್ಲವೇ, ಕೊಂಡುಬಿಡಿ ಎಂದು ಎಲ್ಲರೂ ಹೇಳಿದ್ದರು. ಕೆ. ಇಂಡಿ ಮಾತ್ರ ತಡೆದಿದ್ದಳು. ಆನ್‌ಲೈನ್ ಸಿಗುವುದು ಎಷ್ಟೋ ಸಲ ಅಪ್‌ಡೇಟ್ ಆಗಿದೆ, ಹೆಸರು ಒಂದೇ, ಒಳಗೆಲ್ಲ ಬೇರೆ, ಡಿಸ್ಕಿನ ಆಟಕ್ಕೆ ಹೊಂದಿಸಿದ ಮಾಡ್ ಅದರಲ್ಲಿ ಕೂಡುವುದಿಲ್ಲ ಎಂದಿದ್ದಳು. ಡಿಸ್ಕನ್ನೇ ನಂಬೋಣವೆಂದರೆ, ಅದು ಹೊಸ ಲ್ಯಾಪ್‌ಟಾಪಿನಲ್ಲಿ ಚಾಲೂ ಆಗುವುದಿಲ್ಲ.

ಊಟವಾದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ಮಾಡ್‌ನ ಫೈಲುಗಳನ್ನೆಲ್ಲ ಮೊದಲು ತನ್ನ ಪೆನ್‌ಡ್ರೈವಿಗೆ ತೆಗೆದುಕೊಂಡಳು. ಇದನ್ನು ಬಿಚ್ಚಿ ಆನ್‌ಲೈನ್ ಆಟಕ್ಕೆ ಹೊಸದಾಗಿ ಹೊಂದಿಸಬೇಕು ಎಂದಳು. ಮುಕ್ತಾರನಿಗೆ ಮನಸ್ಸಿರಲಿಲ್ಲ. ಇಂಥದೇ ಇನ್ನೊಂದು ಹಳೆಯ ಕಂಪ್ಯೂಟರ್ ಹುಡುಕಿದರಾಯಿತು, ಅಣ್ಣ ಮಾಡಿದ್ದನ್ನು ಬಿಚ್ಚುವುದು ಬೇಡ ಎಂದ.

“ಎಷ್ಟು ಹಳೇವು ಹುಡುಕ್ತೀರಿ? ಎಲ್ಲಾವೂ ಸಾಯೋ ಮಶೀನೇ ಅದಾವಲ್ರಿ.”

ಸಾಯೋ ಎಂಬ ಮಾತಿಗೆ ಅವನ ಮುಖ ಬಿಗಿಯಿತು. ಅವಳಿಗೂ ತಿಳಿಯಿತು. ಕಣ್ಣು ತಗ್ಗಿಸಿ ತನ್ನ ಉಂಗುರ ತಿರುವುತ್ತ ಕೂತಳು. ಸಿಟ್ಟಿನಲ್ಲೂ ಅವನ ಕಣ್ಣು ಆ ಬೆರಳುಗಳ ಮೇಲೆ ಹೋಗಿ ನಿಂತಿತು. ಅದಕ್ಕಾಗಿ ಅವನಿಗೆ ತನ್ನ ಮೇಲೂ ಸಿಟ್ಟು ಬಂತು.

ದನಿ ಯಾವ ಜಾಗದಲ್ಲಿ ಬರುತ್ತದೆ ಎಂದು ಒಮ್ಮೆ ನೋಡಬೇಕು, ಆಟ ಹಚ್ಚಿ ಎಂದು ಅವಳು ಕೇಳಿದಳು. ಬೆಳಗಿನಿಂದ ಎರಡು ಸಲ ಬಂದ್ ಆಗಿದೆ, ಆರಲು ಬಿಡೋಣ ಎಂದು ಅವನು ಹೇಳಿದ. ಒಂದೇ ಸಲ ಎಂದು ಅವಳು ಹಟ ಹಿಡಿದಳು. ಬಸ್ಸು ತಂಗಡಗಿ ಬಿಟ್ಟಿತು. ಒಡಕು ಸ್ಪೀಕರಿನಲ್ಲಿ ಅಮೀನುದ್ದೀನ ಒಂದು ಸಲ ಕೂಗಿದ. ಆಮೇಲೆ ಕಂಪ್ಯೂಟರಿನ ಡಬ್ಬಿಯೊಳಗೆ ಏನೋ ಜೋರಾಗಿ ತಿರುಗಿದ ಸದ್ದು ಬಂದು, ಪಟ್ ಎಂದು ಒಡೆಯಿತು. ಪರದೆ ನಿಂತುಬಿಟ್ಟಿತು.

ಡಿಸ್ಕ್ ಚೂರಾಗಿತ್ತು. ಅದಿಲ್ಲದೆ ಆಟ ಶುರುವೇ ಆಗುವುದಿಲ್ಲ.

ಕೌಸರ ಚೂರುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಆರಿಸಿಕೊಂಡಳು. ಮಾಡ್ ನನ್ನ ಹತ್ತಿರ ಇದೆ, ಅದು ಹೋಗಿಲ್ಲ ಎಂದು ಹೇಳಲು ಬಾಯಿ ತೆರೆದಳು.

“ಹೋಗ್ರಿ,” ಎಂದ ಮುಕ್ತಾರ. ದನಿ ಏರಿಸಲಿಲ್ಲ. “ಬಸ್ ಹೊತ್ತಾಗ್ತತಿ. ಹೋಗ್ರಿ.”

ಅವಳು ಹೋದಳು.

ಮುಂದಿನ ಶುಕ್ರವಾರ ಸೈದಾಬಿ ಕುರ್ಚಿ ಎಳೆದುಕೊಳ್ಳಲಿಲ್ಲ. ಕೌಸರಳಿಂದ ಮೆಸೇಜುಗಳು ಬಂದವು, ಅವನು ತೆರೆಯಲಿಲ್ಲ. ಆದರೆ ಅವನ ಡ್ರಿಪ್ ಪೈಪಿನ ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುತ್ತಲೇ ಅವನು ಫೋನು ತಿರುವಿ ತಿರುವಿ ನೋಡುತ್ತಿದ್ದ. ಮೆಸೇಜ್ ಬಾರದ ದಿನ ಊಟ ರುಚಿಸುತ್ತಿರಲಿಲ್ಲ. ಕೊನೆಗೆ ತಾಯಿಯೇ ಒಂದು ದಿನ ಹೇಳಿದಳು, ಆ ಹುಡುಗಿ ಮೆಟ್ಟಿಲಿಳಿಯುವಾಗ ಅಳುತ್ತಿದ್ದಳು, ನೀನು ನೋಡಲಿಲ್ಲ ಎಂದು.

ಅವನು ಮೆಸೇಜುಗಳನ್ನು ತೆರೆದ. ಮೊದಲಿನವು ಕ್ಷಮೆ ಕೇಳಿದ್ದವು. ಆಮೇಲಿನವು ಕೆಲಸದವು. ಆನ್‌ಲೈನ್ ಆಟ ಕೊಂಡಿದ್ದಳು, ಅದು ತಾನಾಗಿ ಅಪ್‌ಡೇಟ್ ಆಗದಂತೆ ತಡೆದಿದ್ದಳು, ಒಂದೊಂದೇ ರಸ್ತೆಯನ್ನು ಕೂಡಿಸಿದ್ದಳು. ಕೊನೆಯದರಲ್ಲಿ ಹೀಗಿತ್ತು: ರಸ್ತೆ ಕೂಡ್ಯಾವ, ಬಸ್ಸೂ ಕೂಡೈತಿ. ದನಿ ಕೂಡವಲ್ದು. ನಾ ಒಂದೇ ಸಲ ಕೇಳೇನಿ. ಅವರ ದನಿ ಗೊತ್ತಿದ್ದವರು ಬೇಕು.

ಕಳಿಸಿ ಎಂದರೆ ಅದು ಫೋನಿಗೇ ಬರುತ್ತಿತ್ತು. ಅವನು ಹಾಗೆ ಕೇಳಲಿಲ್ಲ. ಬರ್ತೇನಿ ಎಂದಷ್ಟೇ ಬರೆದು ಬಸ್ ಹತ್ತಿದ. ಸಿಂದಗಿಯಲ್ಲಿ ಇಳಿದು ಇಂಡಿ ಬಸ್ಸಿಗೆ ಕಾಯುವಾಗ, ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಹಲವು ರೀತಿ ಕಟ್ಟಿದ. ಬಸ್ ಬಂದಾಗ ಒಂದೂ ನೆನಪಿರಲಿಲ್ಲ.

ಕೌಸರಳ ಮನೆಯ ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಅವಳ ತಾಯಿ ಅಕ್ಕಿ ಆರಿಸುತ್ತಿದ್ದಳು. ಕೌಸರ ಅವನ ಮುಖ ನೋಡಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ, ಆಗಿರುವುದನ್ನು ಹೇಳಿದಳು. ದನಿ ಎಷ್ಟು ವೇಗದಲ್ಲಿ ಓಡಬೇಕು ಎಂಬುದು ಡಿಸ್ಕಿನ ಆಟದೊಳಗಿತ್ತು, ಅಣ್ಣನ ಫೈಲಿನಲ್ಲಿಲ್ಲ. ಹೊಸ ಆಟ ತನ್ನ ವೇಗದಲ್ಲೇ ಓಡಿಸುತ್ತಿದೆ. ಇಯರ್‌ಫೋನ್ ಒಂದೇ ಇತ್ತು. ಒಂದು ತುದಿ ಅವನಿಗೆ ಕೊಟ್ಟಳು.

ಕೀಚಲು ದನಿಯೊಂದು ಬಾಗೇವಾಡಿ ಎಂದಿತು. ಮುಕ್ತಾರ ಇಯರ್‌ಫೋನ್ ಕಿತ್ತುಬಿಟ್ಟ.

“ಇದನ್ನ ಸೈದಾಬಿ ಖಾಲಾಗ ಹೆಂಗ ಕೇಳಸ್ಲಿ ಹೇಳ್ರಿ,” ಎಂದಳು ಅವಳು ಮೆಲ್ಲಗೆ. “ಅದಕ್ಕ ಕರದೇನಿ.”

ಅವನು ಮತ್ತೆ ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದ. ಅವಳು ಒಂದಿಷ್ಟಿಷ್ಟೇ ವೇಗ ತಗ್ಗಿಸುತ್ತ ಬಂದಳು. ಇಲ್ಲ, ತಲೆಯಾಡಿಸಿದ. ಇನ್ನೂ ಇಳಿಸಿದಳು. ಈಗ ದಪ್ಪವಾಯಿತು, ಅಣ್ಣ ಇಷ್ಟು ಎಳೆಯುತ್ತಿರಲಿಲ್ಲ ಎಂದ. ಇಯರ್‌ಫೋನಿನ ವೈರು ಗಿಡ್ಡವಿತ್ತು. ಅವಳ ಉಸಿರು ಅವನ ಕೆನ್ನೆಯ ಹತ್ತಿರವೇ ಇತ್ತು. ಇಬ್ಬರೂ ಅಲುಗಾಡದೆ ಕೂತಿದ್ದರು. ಅವಳು ಕೂದಲೆಳೆಯಷ್ಟು ಏರಿಸಿದಳು.

ಮುಕ್ತಾರನ ಕೈ ತಾನಾಗಿ ಮೇಲೆದ್ದು, ನಿಲ್ಲಿಸು ಎಂಬಂತೆ ಗಾಳಿಯಲ್ಲಿ ನಿಂತಿತು. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು.

ಕೌಸರ ಮತ್ತೊಮ್ಮೆ ಹಚ್ಚಿದಳು. ಮತ್ತೊಮ್ಮೆ. ಅವನು ಸಾಕು ಎನ್ನುವವರೆಗೆ ಹಚ್ಚುತ್ತಲೇ ಇದ್ದಳು.

ಆಮೇಲೆ ಅವಳು ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿ ಅವನ ಮುಂದೆ ಇಟ್ಟಳು. ನೀವು ತರುವ ಹೊಸ ಲ್ಯಾಪ್‌ಟಾಪಿಗೆ ಹೇಗೆ ಹಾಕಬೇಕು ಎಂದು ಎಲ್ಲ ಬರೆದು ಕಳಿಸುತ್ತೇನೆ, ಇನ್ನು ನನ್ನ ಕೆಲಸವಿಲ್ಲ ಎಂದಳು. ಸಿಂದಗಿಯಿಂದ ಗಂಡಿನ ಕಡೆಯವರು ಬಂದು ನನ್ನನ್ನು ನೋಡಿಕೊಂಡು ಹೋಗಿದ್ದಾರೆ, ನಾಳೆ ಅವರಿಗೆ ಜವಾಬು ಹೇಳಬೇಕು ಎಂದೂ ಹೇಳಿದಳು. ಹೇಳುವಾಗ ಅವಳ ಕಣ್ಣು ಪರದೆಯ ಮೇಲೆಯೇ ಇತ್ತು. ಅಲ್ಲಿ ಬಸ್ಸು ನಿಂತಿತ್ತು, ನೋಡುವಂಥದ್ದೇನೂ ಇರಲಿಲ್ಲ.

ಮುಕ್ತಾರ ಪೆನ್‌ಡ್ರೈವ್ ಮುಟ್ಟಲಿಲ್ಲ.

“ಆವತ್ತ ಹೋಗ್ರಿ ಅಂದೆ. ಅಂದ ಮ್ಯಾಲೆ ಬಾಗಲದಾಗ ನಿಂತು ನೀವು ಹೋದ ದಾರಿನೇ ನೋಡ್ಕೋಂತ ನಿಂತಿದ್ದೆ. ಡಿಸ್ಕ್ ಹೋದದ್ದಕ್ಕ ಅಂತ ತಿಳದಿದ್ದೆ. ಅದಕ್ಕಲ್ಲ.”

ಒಳಗೆ ಅಕ್ಕಿಯ ಸದ್ದು ನಿಂತಿತು.

“ಸಿಂದಗಿಯವರಿಗೆ ಏನು ಹೇಳ್ತೀರಿ?” ಎಂದು ಅವನು ಕೇಳಿದ.

“ನೀವು ಏನರ ಹೇಳಿದ್ರ, ಅವರಿಗೆ ಏನು ಹೇಳಬೇಕಂತ ಗೊತ್ತಾಗ್ತತಿ.”

“ಅಮ್ಮಿನ್ನ ಕರಕೊಂಡು ಬರ್ತೇನಿ. ನಿಮ್ಮನ್ನ ಕೇಳಾಕ.”

ಆಗ ಅವಳು ತಲೆಯೆತ್ತಿ ನೋಡಿದಳು. ಇಷ್ಟು ಹೊತ್ತು ತಡೆದಿದ್ದ ನೋಟವೆಲ್ಲ ಅದರಲ್ಲಿತ್ತು. “ಅವರು ಬರೋದು ಆಮೇಲೆ,” ಎಂದಳು. “ಮೊದಲು ಅವರ ದೊಡ್ಡ ಮಗನ್ನ ಅವರಿಗೆ ನಾನೇ ಮುಟ್ಟಸ್ಬೇಕು.”

ಸಿಂದಗಿಯವರಿಗೆ ಮರುದಿನ ಕೌಸರಳ ತಾಯಿಯೇ ಫೋನು ಮಾಡಿ ಇಲ್ಲ ಎಂದಳು. ಶುಕ್ರವಾರ ತಾಯಿ ಮಗಳು ಇಬ್ಬರೂ ಮುದ್ದೇಬಿಹಾಳಕ್ಕೆ ಬಂದರು. ಮುಕ್ತಾರ ತಂದಿದ್ದ ಹೊಸ ಲ್ಯಾಪ್‌ಟಾಪ್ ತೆರೆದು ಕೌಸರ ಬಸ್ ಬಿಟ್ಟಳು. ಸೈದಾಬಿ ನಿಂತೇ ನೋಡುತ್ತಿದ್ದಳು, ನಂಬಿಕೆ ಬಂದಿರಲಿಲ್ಲ. ಅಮೀನುದ್ದೀನ ಕೂಗಿದಾಗ ಅವಳು ಗೋಡೆ ಹಿಡಿದುಕೊಂಡಳು. ಹಳೆಯ ಸ್ಪೀಕರಿನ ಒಡಕು ಹೋಗಿ, ಮಗ ಕೂಗುವ ಮೊದಲು ಗಂಟಲು ಸರಿಮಾಡಿಕೊಂಡಿದ್ದೂ ಈಗ ಕೇಳುತ್ತಿತ್ತು. ಅದನ್ನು ಅವಳು ಮೊದಲ ಸಲ ಕೇಳಿದ್ದಳು.

ಇನ್ನೊಮ್ಮೆ ಹಚ್ಚಲೇ ಎಂದು ಕೌಸರ ಕೇಳಿದಳು. ಸೈದಾಬಿ ಬೇಡವೆಂದು ತಲೆಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅವಳ ಭುಜದ ಮೇಲೆ ಕೈಯಿಟ್ಟಳು.

“ಸಾಕು ಏಳವಾ. ನಿಮ್ಮವ್ವನ ಜೋಡಿ ಮಾತಾಡೋದು ಭಾಳ ಐತಿ. ನೀ ಒಳಗ ಹೋಗಿ ಚಹಾ ಇಡು.”

ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೌಸರಳಿಗೆ ಗೊತ್ತಿರಲಿಲ್ಲ. ತೋರಿಸಲು ಮುಕ್ತಾರ ಹಿಂದೆಯೇ ಹೋದ.